ಬಿದ್ದವರು ಏನು ಮುಚ್ಚಬೇಕು?

ಬಸವಕಿರಣ್: ತಗೀರಿ ಅಪ್ಪಾ. ಈಗಿಂದೀಗ ತಗೀರಿ ಅದನ್ನ.

ಚನ್ನಮಲ್ಲಪ್ಪ: ಥಂಡಿ ಐತೆಲೋ. ಸ್ವೆಟರ್ ತಗದ್ರ ನೆಗಡಿ ಆಕ್ಕೈತಿ.

ಬಸವಕಿರಣ್: ಸ್ವೆಟರ್ ಅಲ್ಲ. ಬ್ಲಾಗಿನ್ಯಾಗ ಹಾಕಿದ್ದು.

ಚನ್ನಮಲ್ಲಪ್ಪ: ಬ್ಲಾಗಿನ್ಯಾಗ ನೂರಾ ಹನ್ನೆರಡು ಅದಾವು. ಯಾವುದು?

ಬಸವಕಿರಣ್: ಯಾವುದು ಅಂತ ನಿಮಗ ಗೊತ್ತೈತಿ.

ನ್ಯೂಜಿಲೆಂಡಿನ ಲೋವರ್ ಹಟ್ ಎಂಬ ಊರಿನ ಆ ಮನೆಯಲ್ಲಿ ಶನಿವಾರದ ಬೆಳಗಿನ ತಿಂಡಿ ನಡೆದಿತ್ತು. ಚನ್ನಮಲ್ಲಪ್ಪನವರು ಸೊಲ್ಲಾಪುರದ ರೈಲ್ವೆ ಪಾರ್ಸೆಲ್ ಕಚೇರಿಯಲ್ಲಿ ಮೂವತ್ತೈದು ವರ್ಷ ಗುಮಾಸ್ತರಾಗಿದ್ದವರು. ಹೆಂಡತಿ ನೀಲವ್ವನ ಜೊತೆ ಮಗನ ಮನೆಗೆ ಬಂದು ನೆಲೆಸಿ ಮೂರು ವರ್ಷವಾಗಿತ್ತು. ಬಂದ ಆರನೇ ತಿಂಗಳಿಗೆ ‘ಹಟ್ಟಿನ ಹರಟಿ’ ಎಂಬ ಬ್ಲಾಗು ಶುರು ಮಾಡಿದ್ದರು. ಅದರಲ್ಲಿ ನ್ಯೂಜಿಲೆಂಡಿನ ರಾಜಕೀಯ ಇರುತ್ತಿತ್ತು, ಸಿನಿಮಾ ಇರುತ್ತಿತ್ತು, ಟೀವಿಯಲ್ಲಿ ಮುಖ ನೋಡದೆ ಮದುವೆಯಾಗುವ ಜನರ ಕಾರ್ಯಕ್ರಮವೂ ಇರುತ್ತಿತ್ತು. ಎಲ್ಲವನ್ನೂ ಒಂದೇ ಒಗ್ಗರಣೆಯಲ್ಲಿ ಹುರಿಯುವುದು ಅವರ ಪದ್ಧತಿ. ಓದುಗರು ದಿನಕ್ಕೆ ಹನ್ನೊಂದು ಜನ. ಅದರಲ್ಲಿ ನಾಲ್ಕು ಸಲ ಅವರೇ.

ಮಗ ಬಸವಕಿರಣ್ ವೆಲ್ಲಿಂಗ್ಟನ್ನಿನ ಒಂದು ಸರ್ಕಾರಿ ಇಲಾಖೆಯಲ್ಲಿ ನೌಕರ. ಈ ಬೆಳಗ್ಗೆ ಅವನು ತಟ್ಟೆಯ ಮುಂದೆ ಕೂತಿದ್ದನೇ ಹೊರತು ಒಂದು ತುತ್ತನ್ನೂ ಬಾಯಿಗಿಟ್ಟಿರಲಿಲ್ಲ.

ಚನ್ನಮಲ್ಲಪ್ಪ: ಆತು, ತಿಳೀತು. ಮಂತ್ರಿ ಮ್ಯಾಲೆ ಬರದದ್ದು. ‘ಇವರು ಹೀರೋನ ಗೆಳೆಯನಂತೆ, ಇಂಟರ್ವಲ್ಲಿಗೆ ಮುಂಚೆ ಸಾಯುತ್ತಾರೆ’ ಅಂದಿದ್ನಲ್ಲ, ಅದ ಹೌದಲ್ಲೋ?

ಬಸವಕಿರಣ್: ಯಾವ ಮಂತ್ರಿ?

ಚನ್ನಮಲ್ಲಪ್ಪ: ನಿಮ್ಮ ಇಲಾಖೆಯವರು.

ಬಸವಕಿರಣ್: ನಮ್ಮ ಮಂತ್ರಿ ಬಗ್ಗೆ ಬರದೀರೇನು?

ಚನ್ನಮಲ್ಲಪ್ಪ: ಹಂಗಾರ ಅದಲ್ಲ?

ಬಸವಕಿರಣ್: ನಾ ಅದನ್ನ ಓದೇ ಇಲ್ಲ! ಅಪ್ಪಾ, ನಂದು ಸರ್ಕಾರಿ ನೌಕರಿ. ನಾವು ಯಾವ ಪಕ್ಷದ ಪರನೂ ಮಾತಾಡಬಾರ್ದು, ವಿರೋಧನೂ ಮಾತಾಡಬಾರ್ದು.

ಚನ್ನಮಲ್ಲಪ್ಪ: ನೀ ಮಾತಾಡಬಾರ್ದು. ನಾ ಪಿಂಚಣಿದಾರ. ನನಗ ಯಾವ ಕಾಯ್ದೆ?

ಬಸವಕಿರಣ್: ಅದರಾಗ ಏನೇನು ಬರದೀರಿ?

ಚನ್ನಮಲ್ಲಪ್ಪ: ಹೆಚ್ಚೇನಿಲ್ಲ. ‘ವಿಶ್ವಸನೀಯ ಮೂಲಗಳ ಪ್ರಕಾರ ಮಂತ್ರಿಗಳು ಮೂರು ತಾಸು ಸಭೆ ನಡೆಸಿ, ಮುಂದಿನ ಸಭೆ ಯಾವಾಗ ಎಂದು ತೀರ್ಮಾನಿಸಿದರು.’ ಅಷ್ಟ.

ಬಸವಕಿರಣ್: ಯಾರದು, ವಿಶ್ವಸನೀಯ ಮೂಲ?

ಚನ್ನಮಲ್ಲಪ್ಪ: ನೀನ. ಮೊನ್ನೆ ರೊಟ್ಟಿ ತಿನ್ನೂ ಮುಂದ ಹೇಳಿದ್ದಿ.

ಬಸವಕಿರಣ್ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಚನ್ನಮಲ್ಲಪ್ಪನವರು ಕನ್ನಡಕ ಏರಿಸಿ ಫೋನು ಒತ್ತಿದರು.

ಚನ್ನಮಲ್ಲಪ್ಪ: ತಗದೆ ನೋಡು. ಮಂತ್ರಿ ಬಚಾವಾದ್ರು. ಇನ್ನ ತಿನ್ನು.

ಬಸವಕಿರಣ್: ಅದಲ್ಲ ಅಂತ ಹೇಳಿದೆನಲ್ಲ. ಇನ್ನೊಂದು.

ಚನ್ನಮಲ್ಲಪ್ಪ: ಇನ್ನೊಂದು ಅಂದ್ರ... ಉಪ್ಪಿಟ್ಟಿಂದ?

ಒಲೆಯ ಹತ್ತಿರ ನಿಂತಿದ್ದ ಸೊಸೆ ಸ್ನೇಹಲ್ ತಿರುಗಿ ನೋಡಿದಳು.

ಸ್ನೇಹಲ್: ಯಾವ ಉಪ್ಪಿಟ್ಟು ಮಾಮಾ?

ಚನ್ನಮಲ್ಲಪ್ಪ: ಏನಿಲ್ಲವಾ ತಂಗಿ. ನೀ ದೋಸಿ ನೋಡು, ಸೀದೀತು.

ಸ್ನೇಹಲ್: ದೋಸಿ ಸೀಯಲಿ. ನಾ ಮಾಡಿದ ಕಿನ್ವಾ ಕಾಳಿನ ಉಪ್ಪಿಟ್ಟೇನು?

ಚನ್ನಮಲ್ಲಪ್ಪ: ನಿನ್ನ ಹೆಸರ ಹಾಕಿಲ್ಲ. ಅದು ರಾಜಕೀಯ ಲೇಖನ.

ಸ್ನೇಹಲ್: ಓದ್ರಿ.

ಚನ್ನಮಲ್ಲಪ್ಪ: ಬ್ಯಾಡ.

ಸ್ನೇಹಲ್: ಓದ್ರಿ ಮಾಮಾ.

ಚನ್ನಮಲ್ಲಪ್ಪ: ‘ಈ ದೇಶದ ಸಮ್ಮಿಶ್ರ ಸರ್ಕಾರ ಹೇಗಿದೆ ಎಂದರೆ ನಮ್ಮ ಮನೆಯ ಕಿನ್ವಾ ಉಪ್ಪಿಟ್ಟಿನ ಹಾಗಿದೆ. ಒಂದೇ ಪಾತ್ರೆಯಲ್ಲಿದ್ದರೂ ಯಾವ ಕಾಳೂ ಇನ್ನೊಂದಕ್ಕೆ ಅಂಟುವುದಿಲ್ಲ. ನುಂಗಿದ ಮೇಲೆ ಮುಂದಿನ ಚುನಾವಣೆಯ ತನಕ ಮೂರು ವರ್ಷ ಹೊಟ್ಟೆಯಲ್ಲಿರುತ್ತದೆ.’

ಸ್ನೇಹಲ್: ಎರಡ ಸಲ ಹಾಕಿಸ್ಕೊಂಡು ತಿಂದ್ರಿ ಆವತ್ತು!

ಚನ್ನಮಲ್ಲಪ್ಪ: ಒಂದು ಹಸಿವಿಗೆ. ಎರಡನೇದು ಲೇಖನಕ್ಕ.

ಸ್ನೇಹಲ್ ಅವರ ತಟ್ಟೆಯಲ್ಲಿದ್ದ ಬಿಸಿ ದೋಸೆಯನ್ನು ಎತ್ತಿ ಗಂಡನ ತಟ್ಟೆಗೆ ಹಾಕಿದಳು. ಚನ್ನಮಲ್ಲಪ್ಪನವರು ಉಳಿದ ಚಟ್ನಿಯನ್ನು ನೋಡುತ್ತಾ ಮತ್ತೆ ಫೋನು ಒತ್ತಿದರು.

ಚನ್ನಮಲ್ಲಪ್ಪ: ಉಪ್ಪಿಟ್ಟೂ ಹೋತು. ಸರ್ಕಾರನೂ ಹೋತು. ಈಗರ ದೋಸಿ ಕೊಡವಾ.

ಬಸವಕಿರಣ್: ಅಪ್ಪಾ, ಅದೂ ಅಲ್ಲ!

ಚನ್ನಮಲ್ಲಪ್ಪ: ಅದೂ ಅಲ್ಲ? ಹಂಗಾರ ನಿಮ್ಮವ್ವಂದಿರಬೇಕು.

ಇಷ್ಟು ಹೊತ್ತು ಮೂಲೆಯ ಕುರ್ಚಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ನಗುತ್ತಿದ್ದ ನೀಲವ್ವನ ಕೈ ನಿಂತಿತು.

ನೀಲವ್ವ: ನಂದೇನು?

ಚನ್ನಮಲ್ಲಪ್ಪ: ನಿಂದೇನಿಲ್ಲ. ಬಾಯಿ ತಪ್ಪಿ ಬಂತು.

ನೀಲವ್ವ: ಬಾಯಿ ತಪ್ಪಿ ಬಂದದ್ದ ಖರೇ ಇರತೈತಿ. ಹೇಳ್ರಿ.

ಚನ್ನಮಲ್ಲಪ್ಪ: ಕಳದ ಚುನಾವಣೆ ಬಗ್ಗೆ. ಇಲ್ಲೆ ನಾಗರಿಕರು ಅಲ್ಲದಿದ್ರೂ ನಮ್ಮಂಥಾ ರೆಸಿಡೆಂಟ್ ಮಂದಿಗೆ ಮತ ಹಾಕಾಕ ಬರತೈತಿ, ಎಂಥಾ ಉದಾರ ದೇಶ ಅಂತ ಹೊಗಳಿ ಬರದೆ.

ನೀಲವ್ವ: ಹೊಗಳಿ ಆದ ಮ್ಯಾಲೆ?

ಚನ್ನಮಲ್ಲಪ್ಪ: ಆದ ಮ್ಯಾಲೆ... ‘ಆದರೆ ನಮ್ಮ ಮನೆಯಾಕೆ ಆ ಉದಾರತೆಯನ್ನು ಧಾರಾವಾಹಿಯ ಒಳ್ಳೆ ಅಳಿಯನ ಹಾಗೆ ಕಾಣುವ ಅಭ್ಯರ್ಥಿಯ ಮೇಲೆ ಖರ್ಚು ಮಾಡಿದಳು’ ಅಂತ.

ನೀಲವ್ವ: ಗುಪ್ತ ಮತದಾನ ಅಂತಾರ್ರಿ ಅದಕ್ಕ!

ಚನ್ನಮಲ್ಲಪ್ಪ: ಹೆಸರ ಹಾಕಿಲ್ಲ ಅಂದೆನಲ್ಲ. ಬರೇ ‘ಮನೆಯಾಕೆ’ ಅಂದೀನಿ.

ನೀಲವ್ವ: ನಿಮಗ ಎಷ್ಟ ಮಂದಿ ಮನಿಯಾಕೆಯರು ಅದಾರ?

ಸ್ನೇಹಲ್: ಅತ್ತಿ, ನೀವು ಆ ಟೈ ಕಟ್ಟಿದವಂಗ ಹಾಕಿದ್ರೇನು?

ನೀಲವ್ವ: ಮುಖದಾಗ ಕಳಾ ಇತ್ತವಾ. ಪಕ್ಕದಾಗಿದ್ದವ ಮೂರು ದಿನ ಗಡ್ಡ ಬೋಳಿಸಿರಲಿಲ್ಲ. ತನ್ನ ಮುಖಾ ನೋಡಿಕೊಳ್ಳದವ ಊರ ರಸ್ತೆ ಏನ್ ನೋಡತಾನ?

ಚನ್ನಮಲ್ಲಪ್ಪ: ನೋಡು, ಇದನ್ನೂ ಬರೀಬೇಕಿತ್ತು!

ಬಸವಕಿರಣ್ ಮೇಜಿನ ಮೇಲೆ ಅಂಗೈಯಿಂದ ಬಡಿದ. ಲೋಟಗಳು ಕುಣಿದವು. ಅವನು ಹಾಗೆ ಬಡಿಯುವ ಮನುಷ್ಯನಲ್ಲ. ಮೂವರೂ ಅವನ ಕಡೆ ತಿರುಗಿದರು.

ಬಸವಕಿರಣ್: ಭೂಕಂಪದ್ದು. ಭೂಕಂಪದ ಕರಪತ್ರದ ಮ್ಯಾಲೆ ಬರದೀರಲ್ಲ, ಅದನ್ನ ತಗೀರಿ.

ಚನ್ನಮಲ್ಲಪ್ಪನವರ ಮುಖ ಬದಲಾಯಿತು. ಅವರು ಫೋನನ್ನು ಅಂಗಿಯ ಜೇಬಿಗೆ ಹಾಕಿ, ಜೇಬಿನ ಮೇಲೆ ಕೈ ಇಟ್ಟುಕೊಂಡರು.

ಚನ್ನಮಲ್ಲಪ್ಪ: ಅದೊಂದು ಆಗಂಗಿಲ್ಲ.

ಬಸವಕಿರಣ್: ಯಾಕ?

ಚನ್ನಮಲ್ಲಪ್ಪ: ಎರಡು ಸಾವಿರದ ಆರನೂರು ಮಂದಿ ಓದ್ಯಾರಲೇ! ಆಕ್ಲೆಂಡಿನಿಂದ ಹಿಡದು ಹಾರ್ನ್‌ಬಿ ತನಕ ಎಲ್ಲಾರ ವಾಟ್ಸಾಪಿನ್ಯಾಗ ತಿರುಗಾಕತ್ತೈತಿ. ನೆಲ್ಸನ್ನಿನಿಂದ ಅರುಂಧತಿ ಅನ್ನಾಕಿ ಬರದಾಳ: ‘ಅಂಕಲ್, ನಕ್ಕು ನಕ್ಕು ಕುರ್ಚಿಯಿಂದ ಬಿದ್ದೆ, ಏನು ಮುಚ್ಚಲಿ?’ ಅಂತ. ನನ್ನ ಜನ್ಮದಾಗ ಹಿಟ್ಟಾದ ಲೇಖನ ಅದೊಂದ.

ನೀಲವ್ವ: ಏನ್ರಿ ಅಂಥಾದ್ದು? ನಮಗ ಓದಿ ಹೇಳಲಿಲ್ಲ?

ಚನ್ನಮಲ್ಲಪ್ಪ: ಈಗ ಕೇಳು. ಲೈಬ್ರರಿಯೊಳಗ ಒಂದು ಕರಪತ್ರ ಸಿಕ್ಕಿತು. ಭೂಕಂಪ ಆದ್ರ ಏನ್ ಮಾಡಬೇಕು ಅಂತ ಹನ್ನೆರಡು ಭಾಷಾದಾಗ ಸರ್ಕಾರದವರು ತಗದಾರ, ಕನ್ನಡದಾಗೂ ಐತಿ. ಎದಿ ಉಬ್ಬಿತು. ತಗದು ಓದಿದೆ, ಉಬ್ಬಿದ್ದು ಇಳೀತು.

ಬಸವಕಿರಣ್: ಅಪ್ಪಾ, ಬ್ಯಾಡ.

ನೀಲವ್ವ: ಇರೋ, ಕೇಳೂಣು.

ಚನ್ನಮಲ್ಲಪ್ಪನವರು ಎದ್ದು ನಿಂತರು. ಓದುವಾಗ ಅವರಿಗೆ ಕೂತು ಅಭ್ಯಾಸವಿಲ್ಲ.

ಚನ್ನಮಲ್ಲಪ್ಪ: ‘ನೆಲ ನಡುಗಿದಾಗ ಬೀಳಿರಿ, ಮುಚ್ಚಿರಿ, ಹಿಡಿಯಿರಿ ಎಂದು ಕರಪತ್ರ ಹೇಳುತ್ತದೆ. ಬೀಳುವುದು ಸರಿ, ಅದಕ್ಕೆ ಸರ್ಕಾರ ಹೇಳಬೇಕಿಲ್ಲ. ಆದರೆ ಬಿದ್ದವರು ಏನು ಮುಚ್ಚಬೇಕು? ಬಾಯಿಯೇ, ಬಾಗಿಲೇ? ಹಿಡಿಯಬೇಕಾದದ್ದು ಯಾರನ್ನು?’

ಸ್ನೇಹಲ್‌ಗೆ ಉಪ್ಪಿಟ್ಟಿನ ಸಿಟ್ಟು ಮರೆತುಹೋಯಿತು. ಅವಳು ಸೌಟು ಹಿಡಿದುಕೊಂಡೇ ನಗತೊಡಗಿದಳು.

ಚನ್ನಮಲ್ಲಪ್ಪ: ‘ಇಂಗ್ಲಿಷಿನ ಗ್ರ್ಯಾಬ್ ಬ್ಯಾಗ್ ಇಲ್ಲಿ ಕಸಿಯುವ ಚೀಲವಾಗಿದೆ, ಅದನ್ನು ಬಾಗಿಲ ಬಳಿ ಸಿದ್ಧವಾಗಿಡಿ ಎಂದಿದೆ. ಭೂಕಂಪದ ಗದ್ದಲದಲ್ಲಿ ಕಸಿಯಲು ಚೀಲ ಇಟ್ಟುಕೊಳ್ಳಿ ಎಂದು ಸರ್ಕಾರವೇ ಹೇಳುವ ದೇಶ ಇನ್ನೆಲ್ಲಿದೆ? ಚೀಲದಲ್ಲಿ ಇರಬೇಕಾದದ್ದು: ಬ್ಯಾಟರಿ, ಮತ್ತು ಬ್ಯಾಟರಿಗೆ ಬ್ಯಾಟರಿ.’

ನೀಲವ್ವ: ಅದರಾಗೇನು ತಪ್ಪೈತಿ? ಕತ್ತಲದಾಗ ಹಿಡಿಯೂ ಬ್ಯಾಟರಿ, ಅದರಾಗ ಹಾಕೂ ಬ್ಯಾಟರಿ. ನಾನೂ ಹಂಗ ಅಂತೀನಿ.

ಚನ್ನಮಲ್ಲಪ್ಪ: ನೀ ಅಂತಿ. ಸರ್ಕಾರ ಅನ್ನಬಾರ್ದು. ಮುಂದ ಕೇಳು. ‘ಕಂಪನ ನಿಂತ ಮೇಲೆ ನೆರೆಹೊರೆಯವರನ್ನು ತಪಾಸಣೆ ಮಾಡಿರಿ. ನಾನು ಆಜ್ಞೆ ಪಾಲಿಸಿದೆ. ಪಕ್ಕದ ಮನೆಯವನು ಕೈ ಎತ್ತಿ ನಿಂತ. ಜೇಬಿನಲ್ಲಿ ಎರಡು ಬಿಸ್ಕೀಟು ಸಿಕ್ಕವು.’

ಈ ಮಾತಿಗೆ ನೀಲವ್ವನ ಮಡಿಲಿನ ಬೆಳ್ಳುಳ್ಳಿಯೆಲ್ಲ ನೆಲಕ್ಕೆ ಬಿತ್ತು. ಸ್ನೇಹಲ್ ಕಣ್ಣೊರೆಸಿಕೊಂಡಳು. ಬಸವಕಿರಣ್ ಕಿಟಕಿಯ ಹೊರಗೆ ನೋಡುತ್ತಿದ್ದ. ಅವನ ಕಿವಿಗಳು ಕೆಂಪಾಗಿದ್ದವು.

ಚನ್ನಮಲ್ಲಪ್ಪ: ಇನ್ನ ಕಡೀಗೆ ಕೇಳ್ರಿ. ಎಲ್ಲಾರೂ ಮೆಚ್ಚಿದ್ದು ಇದನ್ನ. ‘ಈ ಕನ್ನಡ ಬರೆದ ಮಹಾನುಭಾವನಿಗೆ ಅ ಆ ಇ ಈ ತಿದ್ದಿಸಿದ ಗುರು ಯಾರೋ, ಅವರನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ನನಗಿದೆ. ಭೂಕಂಪದಲ್ಲಿ ಎಲ್ಲರಿಗಿಂತ ಮೊದಲು ಬೀಳಬೇಕಾದವರು ಅವರು.’

ಬಸವಕಿರಣ್: ನಾನ ಬರದದ್ದು ಅದು.

ಹಂಚಿನ ಮೇಲೆ ದೋಸೆ ಸೀಯುವ ವಾಸನೆ ಬಂತು.

ಚನ್ನಮಲ್ಲಪ್ಪ: ಏನು, ಬ್ಲಾಗ?

ಬಸವಕಿರಣ್: ಕರಪತ್ರ. ಅನುವಾದ ಮಾಡೂದಿದ್ದವರು ಕಡೀ ಗಳಿಗ್ಯಾಗ ಕೈ ಕೊಟ್ರು. ಒಂದ ವಾರ ಇತ್ತು. ಕನ್ನಡದವ ನಾ ಒಬ್ಬನ ಅಲ್ಲೆ. ‘ನಿನಗೆ ಬರುತ್ತಲ್ಲ?’ ಅಂತ ನಮ್ಮ ಬಾಸ್ ಹೆದರ್ ಕೇಳಿದ್ಲು. ಹೂಂ ಅಂದೆ. ಹದಿನಾಲ್ಕು ವರ್ಷ ಆತು ಈ ದೇಶಕ್ಕ ಬಂದು. ನನ್ನ ಕನ್ನಡ ಬೇಕು ಅಂತ ಒಬ್ಬರು ಕೇಳಿದ್ದು ಅದ ಮೊದಲು. ದಿನಾ ರೈಲಿನ್ಯಾಗ ಹೋಗೂ ಮುಂದ, ಬರೂ ಮುಂದ ಕೂತು ಬರದೆ. ಪ್ರಿಂಟ್ ಆಗಿ ಬಂದ ಮ್ಯಾಲೆ ನಿಮ್ಮಿಬ್ಬರ ಕೈಯಾಗ ಕೊಡಬೇಕಂತಿದ್ದೆ. ನೀವು ಮೊದಲ ಲೈಬ್ರರಿಗೆ ಹೋದ್ರಿ.

ಸ್ನೇಹಲ್ ಒಲೆ ಆರಿಸಿದಳು. ನಕ್ಕಿದ್ದಕ್ಕೆ ಅವಳಿಗೆ ನಾಚಿಕೆಯಾಗಿತ್ತು.

ಚನ್ನಮಲ್ಲಪ್ಪ: ನನಗ ಮೊದಲ ಹೇಳಬೇಕಿತ್ತಲ್ಲೋ.

ಬಸವಕಿರಣ್: ಹೇಳಿದ್ರ ಬರೀತಿರಲಿಲ್ಲೇನು?

ಚನ್ನಮಲ್ಲಪ್ಪ: ಬರೀತಿದ್ದೆ. ಕಡೀ ಸಾಲು ಬಿಡತಿದ್ದೆ.

ನೀಲವ್ವ: ಯಾಕ ಬಿಡತಿದ್ರಿ? ಬಿಡಬ್ಯಾಡ್ರಿ. ನೋಡಬೇಕು ಅಂದ್ರಲ್ಲ, ನೋಡ್ರಿ.

ಚನ್ನಮಲ್ಲಪ್ಪ: ಯಾರನ್ನ?

ನೀಲವ್ವ: ಇವಂಗ ಅ ಆ ಇ ಈ ತಿದ್ದಿಸಿದ ಗುರುವನ್ನ. ನಿಮ್ಮ ಮುಂದ ಕೂತೀನಿ.

ಚನ್ನಮಲ್ಲಪ್ಪನವರು ನಿಂತವರು ನಿಂತಂತೆಯೇ ಕುರ್ಚಿಯ ಬೆನ್ನು ಹಿಡಿದುಕೊಂಡರು.

ನೀಲವ್ವ: ಸೊಲ್ಲಾಪುರದಾಗ ಸಾಲ್ಯಾಗ ಮರಾಠಿ, ಓಣ್ಯಾಗ ಮರಾಠಿ. ‘ಕನ್ನಡ ನಾ ಕಲಸ್ತೀನಿ, ಬರೂ ಸೋಮವಾರದಿಂದ’ ಅಂತ ನಾಲ್ಕು ವರ್ಷ ಅಂದ್ರಿ. ಯಾವ ಸೋಮವಾರ ಬಂತು? ಡ್ಯೂಟಿ ಮುಗಿಸಿ ಬಂದು ಸಿನಿಮಾ ಪತ್ರಿಕಿ ಮುಖಕ್ಕ ಹಿಡದು ಮಲಗತಿದ್ರಿ. ಕಡೀಗೆ ನಾನ ರೊಟ್ಟಿ ಬಡಿಯೂ ಹಲಗಿ ಮ್ಯಾಲೆ ಹಿಟ್ಟು ಹರವಿ ಬಟ್ಟಿನ್ಯಾಗ ಅಕ್ಷರ ತಿದ್ದಿಸಿದೆ. ನಾ ಸಾಲಿ ಕಲ್ತದ್ದ ಏಳನೇತ್ತೆ ತನಕ. ನನಗ ಎಷ್ಟು ಬರತಿತ್ತೋ ಅಷ್ಟು ಕೊಟ್ಟೆ. ಬೀಳಬೇಕಂತ ನಾ ಮೊದಲ?

ಚನ್ನಮಲ್ಲಪ್ಪ: ನೀಲಾ, ಅದು ಬರೇ ಸಾಹಿತ್ಯ.

ನೀಲವ್ವ: ಹಂಗಾರ ಇವತ್ತು ಮಧ್ಯಾಹ್ನ ಸಾಹಿತ್ಯನ ಉಣ್ರಿ.

ಚನ್ನಮಲ್ಲಪ್ಪನವರು ಜೇಬಿನಿಂದ ಫೋನು ತೆಗೆದರು. ಎರಡು ಸಾವಿರದ ಆರುನೂರರ ಸಂಖ್ಯೆ ಅಷ್ಟರಲ್ಲಿ ಎರಡು ಸಾವಿರದ ಏಳುನೂರಾಗಿತ್ತು. ಅದನ್ನು ಒಂದು ಗಳಿಗೆ ನೋಡಿದರು. ಆಮೇಲೆ ಒತ್ತಿದರು. ಅವರ ಒಂದೇ ಒಂದು ಹಿಟ್ಟಾದ ಲೇಖನ ಹೋಯಿತು.

ಚನ್ನಮಲ್ಲಪ್ಪ: ಬಸು, ಒಂದು ಮಾತು ಹೇಳತೀನಿ. ಅದರಾಗ ಮೂರನೇ ಪುಟದಾಗ ಒಂದು ಸಾಲೈತಿ. ‘ಹೆದರಬೇಡ ಎಂದು ಮಕ್ಕಳಿಗೆ ಹೇಳಬೇಡಿ, ನಾವು ಜೊತೆಗಿದ್ದೇವೆ ಎಂದು ಹೇಳಿ.’ ಅದನ್ನ ನಾ ಎರಡು ಸಲ ಓದಿದೆ. ಬ್ಲಾಗಿನ್ಯಾಗ ಹಾಕಲಿಲ್ಲ.

ಬಸವಕಿರಣ್: ಯಾಕ?

ಚನ್ನಮಲ್ಲಪ್ಪ: ನಗಾಕ ಏನೂ ಇರಲಿಲ್ಲ ಅದರಾಗ. ಚೊಲೋ ಇತ್ತು.

ಬಸವಕಿರಣ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮೇಜಿನ ಮೇಲಿದ್ದ ಅವನ ಫೋನು ಬಡಿದುಕೊಂಡಿತು. ಹೆದರ್, ಅವನ ಮೇಲಧಿಕಾರಿ. ಶನಿವಾರ ಅವಳು ಯಾವತ್ತೂ ಫೋನು ಮಾಡಿದವಳಲ್ಲ. ಅವನು ಗಾಬರಿಯಿಂದ ಎತ್ತುವ ಗಡಿಬಿಡಿಯಲ್ಲಿ ಸ್ಪೀಕರನ್ನೇ ಒತ್ತಿದ. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು.

ಹೆದರ್: ಬಸವ, ರಜೆಯ ದಿನ ತೊಂದರೆ ಕೊಡುತ್ತಿದ್ದೇನೆ. ಕರಪತ್ರದ ವಿಷಯ. ಯಾರೋ ಬ್ಲಾಗಿನಲ್ಲಿ ತಮಾಷೆ ಮಾಡಿದ್ದಾರಂತೆ.

ಬಸವಕಿರಣ್: ಗೊತ್ತು. ತಪ್ಪು ನನ್ನದು.

ಹೆದರ್: ಒಂದು ವಾರದಲ್ಲಿ ಒಬ್ಬನ ಮೇಲೆ ಹೊರಿಸಿದ್ದು ನನ್ನ ತಪ್ಪು. ಬಿಡು. ಬುಧವಾರ ಮತ್ತೆ ಅಚ್ಚಿಗೆ ಕೊಡಬೇಕು. ಆ ಬ್ಲಾಗಿನವರನ್ನೇ ಹುಡುಕಿ, ಕೂತು ತಿದ್ದಿಕೊಡಿ ಎಂದು ಕೇಳಿದರೆ ಹೇಗೆ? ನಿನಗೆ ಅವರು ಗೊತ್ತಾ?

ಬಸವಕಿರಣ್: ಗೊತ್ತು. ನಮ್ಮ ತಂದೆ.

ಚನ್ನಮಲ್ಲಪ್ಪನವರು ಸ್ವೆಟರಿನ ಗುಂಡಿ ಸರಿ ಮಾಡಿಕೊಂಡು ಫೋನಿನ ಹತ್ತಿರ ಬಗ್ಗಿದರು, ಕರೆದರೆ ಮಾತಾಡಲು ತಯಾರಾದವರಂತೆ.

ಹೆದರ್: ನಿಮ್ಮ ತಂದೆಯಾ? ಸರಿ... ಅವರ ಜೊತೆ ಕೆಲಸ ಮಾಡುವುದು ಸುಲಭವಾ?

ಬಸವಕಿರಣ್: ಇಲ್ಲ.

ಚನ್ನಮಲ್ಲಪ್ಪನವರು ಎರಡು ಹೆಜ್ಜೆ ಹಿಂದೆ ಸರಿದರು.

ಬಸವಕಿರಣ್: ಆದರೆ ನಮ್ಮ ತಾಯಿ ಇದ್ದಾರೆ. ಅವರಿಗೆ ಅರ್ಥವಾದರೆ ಎಲ್ಲರಿಗೂ ಅರ್ಥವಾಗುತ್ತದೆ. ನಾನು ಇಂಗ್ಲಿಷಿನದನ್ನು ಬಿಡಿಸಿ ಹೇಳುತ್ತೇನೆ, ಅವರು ಕನ್ನಡ ಹೇಳಲಿ. ಆಮೇಲೆ ಹೊರಗಿನವರೊಬ್ಬರು ಪರೀಕ್ಷಿಸಲಿ.

ಹೆದರ್: ಅವರು ಒಪ್ಪುತ್ತಾರಾ?

ನೀಲವ್ವ: ಏನಂತಾಳವಾ ಆಕಿ? ನನ್ನ ಹೆಸರ ಯಾಕ ಬಂತು? ನಾ ಏನೂ ಬರದಿಲ್ಲ!

ಸ್ನೇಹಲ್ ಅತ್ತೆಯ ಕಿವಿಯಲ್ಲಿ ಎಲ್ಲವನ್ನೂ ಹೇಳಿದಳು. ನೀಲವ್ವ ಗಂಡನನ್ನು ನೋಡಿದಳು, ಮಗನನ್ನು ನೋಡಿದಳು, ಬೆಳ್ಳುಳ್ಳಿಯ ಸಿಪ್ಪೆಯನ್ನು ಸೀರೆಯಿಂದ ಕೊಡವಿದಳು.

ನೀಲವ್ವ: ಹೂಂ ಅಂತ ಹೇಳು.

ಹತ್ತು ನಿಮಿಷದಲ್ಲಿ ಮೇಜಿನ ಮೇಲಿನ ತಟ್ಟೆಗಳು ಹೋಗಿ ಲ್ಯಾಪ್‌ಟಾಪು ಬಂತು. ಬಸವಕಿರಣ್ ಟೈಪು ಮಾಡಲು ಕೂತ. ಚನ್ನಮಲ್ಲಪ್ಪನವರು ಕರೆಯದಿದ್ದರೂ ಬಂದು ಪಕ್ಕದಲ್ಲಿ ನಿಂತರು.

ಚನ್ನಮಲ್ಲಪ್ಪ: ‘ಕಂಪನದ ಸಂದರ್ಭದಲ್ಲಿ ಸ್ವಸಂರಕ್ಷಣಾರ್ಥವಾಗಿ’ ಅಂತ ಶುರು ಮಾಡು.

ನೀಲವ್ವ: ಅಷ್ಟು ಹೇಳೂದರಾಗ ಮನಿ ಬೀಳತೈತಿ. ಸುಮ್ಮನಿರ್ರಿ. ಬಸು, ಇಂಗ್ಲಿಷಿನ್ಯಾಗ ಮೊದಲನೇದು ಏನೈತಿ?

ಬಸವಕಿರಣ್: ಅದ ಅವ್ವಾ, ಬೀಳೂದು, ಮುಚ್ಚೂದು, ಹಿಡಿಯೂದು.

ನೀಲವ್ವ: ಮಾಡಿ ನೋಡಿದ್ರ ಗೊತ್ತಾಕ್ಕೈತಿ. ಏನ್ರಿ, ಮೇಜಿನ ಬುಡಕ ಹೋಗ್ರಿ.

ಚನ್ನಮಲ್ಲಪ್ಪ: ನಾನ?

ನೀಲವ್ವ: ಮತ್ತ ಯಾರು? ನಾ ಹೇಳಬೇಕು, ಅವ ಬರೀಬೇಕು. ನಿಮಗೇನು ಕೆಲಸ ಐತಿ?

ಚನ್ನಮಲ್ಲಪ್ಪನವರು ಸೊಸೆಯ ಕಡೆ ನೋಡಿದರು. ಸ್ನೇಹಲ್ ಕುರ್ಚಿ ಸರಿಸಿ ದಾರಿ ಮಾಡಿಕೊಟ್ಟಳು. ಅವರು ಒಂದು ಕೈ ನೆಲಕ್ಕೂರಿ, ‘ಅಯ್ಯಯ್ಯ’ ಎನ್ನುತ್ತಾ ಒಳಗೆ ಹೋದರು. ನೀಲವ್ವ ಬಗ್ಗಿ ನೋಡಿ ನೋಡಿ ಹೇಳತೊಡಗಿದಳು.

ನೀಲವ್ವ: ಬರಿ. ‘ನೆಲ ನಡುಗಿದ ಕೂಡಲೇ ಗಟ್ಟಿ ಮೇಜಿನ ಕೆಳಗೆ ಹೋಗಿ ಮೊಣಕಾಲೂರಿ ಬಗ್ಗಿ ಕೂತುಕೊಳ್ಳಿ.’ ತಲಿ ಹೊರಗ ಬಂದೈತಿ, ಒಳಗ ತಗೋರಿ. ಅದನ್ನೂ ಬರಿ ಬಸು. ‘ತಲೆ, ಕತ್ತು ಎರಡನ್ನೂ ಕೈಯಿಂದ ಮುಚ್ಚಿಕೊಳ್ಳಿ.’ ಎರಡೂ ಕೈ ಅಲ್ಲರಿ, ಒಂದು. ಇನ್ನೊಂದರಿಂದ ಮೇಜಿನ ಕಾಲು ಹಿಡೀರಿ. ‘ಮೇಜು ಜಾರಿದರೆ ನೀವೂ ಅದರ ಜೊತೆಗೇ ಸರಿಯಿರಿ.’

ಬಸವಕಿರಣ್ ಬರೆದ. ಬರೆದದ್ದನ್ನು ಒಮ್ಮೆ ಓದಿದ. ಬೆಳಗಿನಿಂದ ಮೊದಲ ಸಲ ಅವನ ಮುಖದಲ್ಲಿ ನಗು ಕಾಣಿಸಿತು. ತಟ್ಟೆಯಲ್ಲಿ ಆರಿಹೋಗಿದ್ದ ದೋಸೆಯನ್ನು ಸ್ನೇಹಲ್ ಅವನ ಕೈಗೆ ಕೊಟ್ಟಳು. ತಿಂದ.

ಚನ್ನಮಲ್ಲಪ್ಪ: ಮೊಣಕಾಲು ಹಿಡದಾವು. ಏಳಲೇನು?

ನೀಲವ್ವ: ಯಾವಾಗ ಏಳಬೇಕಂತ ಐತೋ ಬಸು, ಅದರಾಗ?

ಬಸವಕಿರಣ್: ನಡುಗೂದು ಪೂರಾ ನಿಲ್ಲೂ ತನಕ ಏಳಬಾರ್ದು ಅಂತ ಐತಿ ಅವ್ವಾ.

ನೀಲವ್ವ: ಕೇಳಿದ್ರಲ್ಲ?

ಚನ್ನಮಲ್ಲಪ್ಪ: ಈಗೆಲ್ಲಿ ಏನು ನಡುಗಾಕತ್ತೈತಿ?

ನೀಲವ್ವ: ಸಿಟ್ಟಿಗೆ ನನ್ನ ಮೈ ಇನ್ನೂ ನಡುಗಾಕತ್ತೈತಿ. ಅಲ್ಲೇ ಕೂಡ್ರಿ.